ಕುರ್ಚಿಗಳ ಕೆಳಗಿನ ದಾರಿ

ಮೇಪಲ್ ಮರಗಳನ್ನು ನಂಬಿ ಬದುಕುವವರಿಗೆ ವರ್ಷದಲ್ಲಿ ಬಿಡುವೆಂಬುದು ಒಂದೇ ಸಲ ಒದಗುತ್ತದೆ. ವಸಂತದ ಹೊಸ್ತಿಲಲ್ಲಿ ಮರಗಳು ರಸ ಬಿಡತೊಡಗಿದರೆ ಹಗಲಿರುಳೆನ್ನದೆ ಅದನ್ನು ಪಾಕಕ್ಕೆ ಕಾಯಿಸಬೇಕು. ಪಾಕ ಮುಗಿಯುತ್ತಲೇ ಮರದಿಂದ ಮರಕ್ಕೆ ಹಾಯುವ ಕೊಳವೆಗಳನ್ನು ತೊಳೆಯಬೇಕು. ಬೇಸಗೆಯೆಲ್ಲ ಸೌದೆ, ಎಲೆಯುದುರುವ ಕಾಲಕ್ಕೆ ಬಿದ್ದ ಮರಗಳ ವಿಲೇವಾರಿ. ಕ್ರಿಸ್ಮಸ್ ಕಳೆದು, ಹಿಮವು ಸೊಂಟದೆತ್ತರಕ್ಕೆ ಸುರಿದು ನಿಂತಮೇಲೆ ಮಾತ್ರ ಕಾಡು ಕಣ್ಣು ಮುಚ್ಚುತ್ತದೆ. ಆಗ ಕಾಡನ್ನು ನಂಬಿದವರೂ ಎಲ್ಲಿಗಾದರೂ ಹೊರಡಬಹುದು.

ಕೆಬೆಕ್ ಪ್ರಾಂತದ ಬೋಸ್ ಸೀಮೆಯಲ್ಲಿ ಆಲೆಮನೆಯಿಟ್ಟುಕೊಂಡಿದ್ದ ಓವಿಲಾ ಮತ್ತು ಅವನ ಹೆಂಡತಿ ಸೊಲಾಂಜ್ ಆ ಬಿಡುವಿನಲ್ಲಿ ಎಂದೂ ಎಲ್ಲಿಗೂ ಹೊರಟವರಲ್ಲ. ಆ ವರ್ಷ ಮಾತ್ರ ಅವರ ಅಡುಗೆಮನೆಯ ಮೇಜಿನ ಮೇಲೆ ಫ್ರಾನ್ಸ್ ದೇಶದ ಶಾರ್ತ್ರ ಪಟ್ಟಣದ ನಕಾಶೆಯೊಂದು ಹರಡಿ ಕೂತಿತ್ತು. ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಓವಿಲಾನ ಕನ್ನಡಕ, ಮೂರನೆಯದಕ್ಕೆ ಪಾಕದ ಬಾಟಲಿಯನ್ನು ಭಾರವಾಗಿಟ್ಟಿದ್ದರು. ಹೊಸವರ್ಷದ ಔತಣ ಮುಗಿಯುತ್ತಲೇ ಹೊರಟು, ರಸಕ್ಕಾಗಿ ಮರಗಳಿಗೆ ಬೈರಿಗೆ ಹಾಕುವ ಹೊತ್ತಿಗೆ ಮರಳುವುದೆಂದು ಯೋಜನೆ. ಮಹಾದೇವಾಲಯದ ಬುಡದ ಓಣಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಸೊಲಾಂಜ್ ಗೊತ್ತುಮಾಡಿದ್ದಳು. ಟಿಕೆಟ್ಟು ಕೊಳ್ಳುವುದಷ್ಟೇ ಬಾಕಿ.

ಎದುರುಮನೆಯ ಗಾಯೆತಾನ್ ಕಾಫಿಯ ನೆಪದಲ್ಲಿ ಬಂದು ನಕಾಶೆಯ ಮೇಲೆ ಬಗ್ಗಿದಳು. ಅವಳು ಪ್ರತಿವರ್ಷ ಕ್ಯಾರವಾನ್ ಎಳೆದುಕೊಂಡು ಫ್ಲೋರಿಡಾಕ್ಕೆ ಹೋಗುವವಳು.

"ಜನ ಚಳಿ ತಪ್ಪಿಸಿಕೊಳ್ಳೋಕೆ ಊರು ಬಿಡ್ತಾರೆ. ನೀವು ಚಳಿಯಿಂದ ಎದ್ದು ಚಳಿಗೇ ಹೋಗ್ತಿದ್ದೀರಲ್ಲೇ," ಎಂದಳು. "ಅದೂ ಆ ಸೀಮೆ ಹೆಸರೂ ಬೋಸ್ ಅಂತೆ. ಬೋಸ್‌ನಿಂದ ಬೋಸ್‌ಗೆ ವಿಮಾನ ಹತ್ತಿ ಹೋಗೋರನ್ನ ನಾನು ನೋಡಿಲ್ಲಪ್ಪ."

"ಅಲ್ಲಿ ಹಿಮ ಬೀಳಲ್ವಂತೆ, ಮಳೆ ಬೀಳುತ್ತಂತೆ," ಎಂದ ಓವಿಲಾ. "ಮಳೇನ ಯಾರೂ ಸಲಿಕೆ ಹಿಡಿದು ಬಾಚಲ್ಲ. ನನಗೆ ಅಷ್ಟು ಸಾಕು."

"ಹಾಗಾದ್ರೆ ನಿನ್ನ ಗಂಡ ಕೆಟ್ಟ, ಸೊಲಾಂಜ್. ಬಾಚೋಕೆ ಏನೂ ಇಲ್ಲದಿದ್ರೆ ಎರಡೇ ದಿನ. ಮೂರನೇ ದಿನ ಬಾಡಿಗೆ ಮನೆ ಬಾಗಿಲು ಬಿಚ್ಚಿ ರಿಪೇರಿಗೆ ಕೂರ್ತಾನೆ."

"ಸುತ್ತಿಗೆ ಪೆಟ್ಟಿಗೇಲಿ ಹಾಕೋಕೆ ಬಿಟ್ಟಿಲ್ಲ ಇವಳು," ಎಂದು ಓವಿಲಾ ಗೊಣಗಿದ.

ಗಾಯೆತಾನ್ ನಕ್ಕು, ಮೇಜು ಹಿಡಿದು ಕಷ್ಟಪಟ್ಟು ಎದ್ದಳು. ಬಾಗಿಲ ಬಳಿ ತಿರುಗಿ ನಿಂತು, ದನಿ ತಗ್ಗಿಸಿ, "ಮೊಣಕಾಲಿಗೆ ಕತ್ತರಿ ಹಾಕ್ತೀವಿ ಅಂದಿದ್ದಾರೆ ಕಣೇ ಡಾಕ್ಟರು. ನನಗೋಸ್ಕರ ಒಂದು ಜಪ ಹೇಳು. ನಮ್ಮ ಬಾಯಲ್ಲಿ ಬಂದ್ರೆ ಮೇಲಿನವನಿಗೆ ಕೇಳುತ್ತೋ ಇಲ್ವೋ, ನೀನು ಹೇಳಿದ್ರೆ ಕೇಳುತ್ತೆ," ಎಂದಳು.

"ಹೇಳ್ತೀನಿ," ಎಂದಳು ಸೊಲಾಂಜ್. ಮುಖ ಮಾತ್ರ ಬೇರೆ ಕಡೆಗಿತ್ತು.

ಊರಿನಲ್ಲಿ ಈ ಮಾತು ಹೊಸದಲ್ಲ. ಮೇ ತಿಂಗಳಲ್ಲಿ ದಾರಿಬದಿಯ ಶಿಲುಬೆಯೆದುರು ಕೇರಿಯವರನ್ನು ಕೂಡಿಸಿ ಜಪ ಹೇಳಿಸುತ್ತಿದ್ದವಳು ಸೊಲಾಂಜಳ ತಾಯಿ. ತಾಯಿಯ ತರುವಾಯ ಆ ಪಟ್ಟ ತಾನಾಗಿ ಮಗಳಿಗೆ ಬಂತು. ಯಾರದ್ದಾದರೂ ಉಸಿರು ಕಟ್ಟಿದರೆ ಅವಳನ್ನು ಕರೆಯುತ್ತಿದ್ದರು. ಯಾರಿಗಾದರೂ ಕೆಲಸ ಹೋದರೆ, ಮಗುವಿಗೆ ಜ್ವರ ಏರಿದರೆ, ಅಂಚೆಯವನ ತಾಯಿಗೆ ಮರೆವು ಕವಿದರೆ, ಆ ಹೆಸರು ಸೊಲಾಂಜಳ ಕಿವಿಗೆ ಬೀಳುತ್ತಿತ್ತು. ಅವಳು ಜಪಸರ ಹಿಡಿದು ಕೂತಳೆಂದರೆ ಅವಳೊಳಗೆ ಒಂದು ದೀಪದ ಕುಡಿ ಎದ್ದು ನಿಲ್ಲುತ್ತಿತ್ತು. ಯಾರೋ ಎದುರಿಗಿದ್ದು ಆಲಿಸುತ್ತಿದ್ದಾರೆಂಬುದರಲ್ಲಿ ಅವಳಿಗೆ ಎಂದೂ ಅನುಮಾನ ಹುಟ್ಟಿರಲಿಲ್ಲ.

ಆ ದೀಪ ಆರಿಹೋಗಿತ್ತು. ಸಾವು ನೋವು ಏನೂ ಸಂಭವಿಸಿರಲಿಲ್ಲ. ಹೊರಗೆ ನೋಡಲು ಗಟ್ಟಿಮುಟ್ಟಾಗಿಯೇ ಇರುವ ಮರವೊಂದು ಒಂದು ವಸಂತದಲ್ಲಿ ಬೈರಿಗೆ ಹಾಕಿದರೂ ಹನಿ ಬಿಡದೆ ನಿಲ್ಲುವುದುಂಟು. ಯಾಕೆಂದು ಅನುಭವಿಗಳಿಗೂ ತಿಳಿಯದು. ಹಾಗೆಯೇ ಒಂದು ಮುಂಜಾನೆ ಅವಳು 'ನಮೋ ಮರಿಯಾ' ಎಂದಾಗ ಆ ಶಬ್ದಗಳು ತುಟಿಯಿಂದ ಜಾರಿ ನೆಲಕ್ಕೆ ಬಿದ್ದವು. ಮರುದಿನವೂ ಬಿದ್ದವು. ಅಂದಿನಿಂದ ಅವಳು ಜಪವನ್ನು ಬಿಡಲೂ ಇಲ್ಲ, ಮಾಡಲೂ ಇಲ್ಲ, ಹೇಳಿದಳು, ಅಷ್ಟೇ. ಊರಿನವರ ನೋವಿನ ಹೆಸರುಗಳು ಅವಳ ಬಾಯಲ್ಲಿ ಅಂಗಡಿಯ ಸಾಮಾನಿನಂತೆ ಒಂದರ ಹಿಂದೊಂದು ಹೊರಬೀಳುತ್ತಿದ್ದವು. ಅವರೆಲ್ಲ ತನ್ನನ್ನು ನಂಬಿ ಸುಮ್ಮನಾಗಿದ್ದಾರೆಂಬುದೇ ಅವಳನ್ನು ಸುಡುತ್ತಿತ್ತು. ಇದನ್ನು ಅವಳು ಇಗರ್ಜಿಯ ಗುರುಗಳಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಹಿಂದಿನ ವರ್ಷ ಸರೋವರದ ದಡದ ಸನ್ಯಾಸಿಮಠದಲ್ಲಿ ಅವಳು ಮೂರು ದಿನ ಮೌನವಾಸಕ್ಕೆ ಹೋಗಿದ್ದಳು. ಅಲ್ಲಿನ ಅತಿಥಿಶಾಲೆಯಲ್ಲಿ ದೊಡ್ಡದೊಂದು ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ವೃತ್ತಾಕಾರವಾದ ಸುತ್ತುದಾರಿಯೊಂದನ್ನು ಬರೆದಿಟ್ಟಿದ್ದರು. ಒಳಹೋಗಲು ಒಂದೇ ಬಾಯಿ, ಒಂದೇ ದಾರಿ. ಕವಲಿಲ್ಲ, ತಪ್ಪಿಹೋಗುವ ಭಯವಿಲ್ಲ. ನಡುವನ್ನು ಇನ್ನೇನು ಮುಟ್ಟಿದೆವೆನ್ನುವಷ್ಟರಲ್ಲಿ ಆ ದಾರಿ ಹೊರ ಅಂಚಿಗೆ ಎಳೆದೊಯ್ಯುತ್ತದೆ. ದೂರವಾದೆವೆಂದು ಕೈಬಿಡುವ ಹೊತ್ತಿಗೆ ಮತ್ತೆ ನಡುವಿನ ಮಗ್ಗುಲಿಗೆ ತಂದು ನಿಲ್ಲಿಸುತ್ತದೆ. ಸೊಲಾಂಜ್ ಪಾದರಕ್ಷೆ ಕಳಚಿ ಅದರಲ್ಲಿ ಕಾಲಿಟ್ಟಳು. ಅರ್ಧ ದಾರಿ ಸವೆದಿರಬಹುದು, ಎಷ್ಟೋ ಕಾಲದಿಂದ ಮುಚ್ಚಿದ್ದ ಕೋಣೆಯ ಒಳಗಡೆಯಿಂದ ಯಾರೋ ಬಾಗಿಲು ತಟ್ಟಿದಂತಾಯಿತು. ಅವಳು ಉಸಿರು ಹಿಡಿದು ನಿಂತಳು. ಅಷ್ಟರಲ್ಲಿ ಊಟದ ಗಂಟೆಯಾಗಿ, ಎಲ್ಲರನ್ನೂ ಕರೆದು, ಬಟ್ಟೆಯನ್ನು ಸುತ್ತಿ ಒಳಗಿಟ್ಟುಬಿಟ್ಟರು.

"ಇದು ಬರೀ ಬಟ್ಟೆ ಅಮ್ಮ," ಎಂದಿದ್ದರು ಸುತ್ತುತ್ತಿದ್ದ ಮುದಿ ಸನ್ಯಾಸಿ. "ಇದರ ಮೂಲ ಕಲ್ಲಲ್ಲಿದೆ. ಶಾರ್ತ್ರದ ಮಹಾದೇವಾಲಯದ ನೆಲದಲ್ಲಿ. ಎಂಟುನೂರು ವರ್ಷದ ಪಾದ ಬಿದ್ದ ಕಲ್ಲು ಅದು."

ಆ ಕಲ್ಲಿನ ಮೇಲೆ ನಡೆದರೆ ಬಾಗಿಲು ತೆರೆಯುತ್ತದೆಂದು ಅವಳು ನಂಬಿದಳು. ಗಂಡನಿಗೆ ಹೇಳಿದ್ದು ಇಷ್ಟೇ: "ಈ ಚಳಿಗಾಲ ಫ್ರಾನ್ಸ್‌ನಲ್ಲಿ ಇದ್ದು ಬರೋಣ." ಅವನು ಎರಡು ಹೊತ್ತು ಯೋಚಿಸಿ, "ಆಗಲಿ," ಎಂದಿದ್ದ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲದ ಮೊದಲ ವಾರ, ಒಂದು ಬೆಳಗ್ಗೆ, ಶಾರ್ತ್ರದ ಮನೆಯೊಡತಿಗೆ ಸೊಲಾಂಜ್ ಫೋನು ಮಾಡಿದಳು. ಮದಾಮ್ ಬೆಲಾಂಜೆ ವಿಧವೆ; ದನಿಯಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಗರಿಯಿತ್ತು. ಅಲ್ಲಿ ಆಗ ಮಧ್ಯಾಹ್ನ. ಬೋಸ್‌ನ ಜನರಿಗೆ ಯಾರನ್ನಾದರೂ ಎರಡನೇ ಮಾತಿಗೇ 'ನೀನು' ಎನ್ನುವ ರೂಢಿ. ಸೊಲಾಂಜಳೂ ಹಾಗೆಯೇ ಅಂದುಬಿಟ್ಟು, "ಬೇಜಾರಿಲ್ಲ ತಾನೆ?" ಎಂದು ಕೇಳಿದಳು.

"ಇನ್ನೂ ಕರಾರಿಗೆ ಸಹಿ ಆಗಿಲ್ಲ ಮದಾಮ್," ಎಂದರು ಆ ಕಡೆಯಿಂದ. "ಅಲ್ಲೀವರೆಗೂ 'ನೀವು' ಇರಲಿ. ಹಾಸಿಗೆ ಬಟ್ಟೆ ನಾನು ಕೊಡ್ತೀನಿ. ಮನೆ ಬೆಚ್ಚಗಿರುತ್ತೆ, ಹದಿನೆಂಟು ಡಿಗ್ರಿ."

"ಹದಿನೆಂಟಾ?" ಎಂದ ಓವಿಲಾ ಹೆಂಡತಿಯ ಬೆನ್ನ ಹಿಂದಿನಿಂದ. "ನಮ್ಮ ಕೋಳಿಗೂಡೇ ಅದಕ್ಕಿಂತ ಬೆಚ್ಚಗಿದೆ."

"ಯಜಮಾನರಿಗೆ ಹೇಳಿ, ಕೋಳಿಗಳನ್ನೂ ಕರಕೊಂಡು ಬರಬಹುದು. ಬಾಡಿಗೆ ಹೆಚ್ಚು ಮಾಡಲ್ಲ."

ಓವಿಲಾ ಮೆಚ್ಚಿ ತಲೆಯಾಡಿಸಿದ. ಸೊಲಾಂಜ್ ನಕ್ಕು, ಆಮೇಲೆ, ತಾನು ಕೇಳಬೇಕೆಂದಿದ್ದ ಒಂದೇ ಪ್ರಶ್ನೆಯನ್ನು ಆದಷ್ಟು ಹಗುರಾಗಿ ಕೇಳಿದಳು. "ದೇವಾಲಯದಲ್ಲಿ ಸುತ್ತುದಾರಿ ಇದೆಯಲ್ಲ ಮದಾಮ್, ಬೆಳಗ್ಗೆ ಹೊತ್ತು ಅಲ್ಲಿ ಜನ ಕಮ್ಮಿ ಇರ್ತಾರಾ? ನನಗೆ ನಿಧಾನವಾಗಿ ನಡೀಬೇಕು."

"ಚಳಿಗಾಲದಲ್ಲಾ?" ಎಂದರು ಆ ಕಡೆಯಿಂದ. "ಅದರ ಮೇಲೆ ಕುರ್ಚಿ ಇರುತ್ತಲ್ಲ. ಸಾಲುಸಾಲಾಗಿ, ಜನ ಕೂರೋ ಕುರ್ಚಿ. ತಪಸ್ಸುಕಾಲ ಶುರುವಾದ ಮೇಲೆ ಶುಕ್ರವಾರ ಶುಕ್ರವಾರ ಎತ್ತಿ ಕೊಡ್ತಾರೆ. ಅದಕ್ಕೆ ಮುಂಚೆ ಯಾರೂ ಮುಟ್ಟಲ್ಲ. ಇದು ಎಲ್ಲರಿಗೂ ಗೊತ್ತು ಅಂದ್ಕೊಂಡಿದ್ದೆ. ನಡೆಯೋರು ಬೇಸಗೇಲಿ ಬರ್ತಾರೆ."

ಫೋನಿಟ್ಟ ಮೇಲೆ ಸೊಲಾಂಜ್ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಬರುವ ವರ್ಷ ಈಸ್ಟರ್ ತಡವಾಗಿ ಬೀಳುತ್ತಿತ್ತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಬಾಗಿಲು ತೆರೆಯುವ ವಿಭೂತಿ ಬುಧವಾರ ಮಾರ್ಚಿಗೆ ಸರಿದಿತ್ತು. ಅಷ್ಟರಲ್ಲಿ ಮರಗಳು ರಸ ಬಿಡುತ್ತಿರುತ್ತವೆ. ಚಳಿಗಾಲವೊಂದೇ ತೆರೆದ ಬಾಗಿಲೆಂದು ಹುಟ್ಟಿದಾರಭ್ಯ ನಂಬಿದವಳು ಅವಳು. ಅದೇ ಚಳಿಗಾಲದಲ್ಲಿ ತನಗೆ ಬೇಕಾದ ಬಾಗಿಲು ಮುಚ್ಚಿರಬಹುದೆಂದು ವಿಚಾರಿಸುವ ಬುದ್ಧಿಯೇ ಹುಟ್ಟಿರಲಿಲ್ಲ. ಇಂಥ ತಪ್ಪನ್ನು ಆಲೆಮನೆಯವರಲ್ಲದೆ ಬೇರಾರು ಮಾಡಿಯಾರು? ತಿಂಗಳುಗಟ್ಟಲೆ ಮನೆ ಹುಡುಕಿದಳು, ನಕಾಶೆ ಓದಿದಳು, ಆ ಸುತ್ತುದಾರಿಯನ್ನು ಕಣ್ಣುಮುಚ್ಚಿ ಬರೆಯುವಷ್ಟು ಕಲಿತಳು. ಕಲ್ಲು ತೆರೆದಿರುತ್ತದೆಯೇ ಎಂದು ಮಾತ್ರ ಕೇಳಲಿಲ್ಲ.

ಅವಳು ನಕಾಶೆಯನ್ನು ಮಡಿಸತೊಡಗಿದಳು. ಓವಿಲಾ ಒಲೆಗೆ ಸೌದೆ ಹಾಕುತ್ತಿದ್ದವನು ತಿರುಗಿ ನೋಡಿದ.

"ಏನಾಯ್ತೇ ಮುದುಕಿ?"

"ಏನಿಲ್ಲ. ಸುಮ್ಮನೆ ಅಷ್ಟು ದೂರ ಯಾಕೆ ಅಂತ. ಇಲ್ಲೇ ಇರೋಣ."

ಓವಿಲಾ ಒಲೆಯ ಬಾಗಿಲು ಮುಚ್ಚಿ, ಕೈ ಕೊಡವಿ, ಎದುರು ಕುಳಿತ. ಫೋನಿನ ಮಾತೆಲ್ಲ ಅವನೂ ಕೇಳಿಸಿಕೊಂಡಿದ್ದ. ತುಸು ಹೊತ್ತು ಮೇಜಿನ ಮರದ ಗೆರೆಯನ್ನು ಉಗುರಿನಿಂದ ಸವರುತ್ತಿದ್ದು, ಅಡುಗೆಗೆ ಉಪ್ಪು ಕಮ್ಮಿ ಎಂಬಷ್ಟು ಸಾಧಾರಣವಾದ ದನಿಯಲ್ಲಿ ಹೇಳಿದ: "ಹಾಗಾದ್ರೆ ತಪಸ್ಸುಕಾಲಕ್ಕೇ ಹೋಗೋಣ. ಈ ಸಲ ಮರಕ್ಕೆ ಬೈರಿಗೆ ಹಾಕೋದು ಬೇಡ."

ಸೊಲಾಂಜ್ ಅವನನ್ನೇ ದಿಟ್ಟಿಸಿದಳು. ಮದುವೆಯಾದಂದಿನಿಂದ ಈ ಮನುಷ್ಯ ಒಂದು ವಸಂತವನ್ನೂ ತಪ್ಪಿಸಿದವನಲ್ಲ. ಅವನ ತಂದೆ ತೀರಿಹೋದ ವಾರದಲ್ಲೂ ಪಾಕದ ಕಡಾಯಿ ಆರಿರಲಿಲ್ಲ.

"ನಿನಗೆ ತಲೆ ನೆಟ್ಟಗಿದೆಯಾ? ಒಂದು ಕಲ್ಲಿನ ಮೇಲೆ ನಡೆಯೋಕೋಸ್ಕರ?"

"ಕಲ್ಲಿಗೋಸ್ಕರ ಅಲ್ಲ. ನಿನಗೆ ಪ್ರಾರ್ಥನೆ ಬರ್ತಿಲ್ವಲ್ಲ, ಅದಕ್ಕೆ."

ಒಲೆಯಲ್ಲಿ ಸೌದೆ ಸಿಡಿಯಿತು. ಸೊಲಾಂಜಳ ಕೈ ಮಡಿಸಿದ ನಕಾಶೆಯ ಮೇಲೆಯೇ ನಿಂತಿತು.

"ಯಾರು ಹೇಳಿದ್ರು ನಿನಗೆ?"

"ಯಾರು ಹೇಳಬೇಕು? ಮುಂಚೆ ನೀನು ಜಪಸರ ಹಿಡಿದು ಕೂತ್ರೆ ಒಲೆ ಮೇಲಿದ್ದ ಬಟಾಣಿ ಸಾರು ಸೀದು ಕರಿ ಆಗ್ತಿತ್ತು. ಎಷ್ಟು ಪಾತ್ರೆ ಉಜ್ಜಿದೀನಿ ನಾನು. ಈಗ ಎಷ್ಟೋ ವರ್ಷ ಆಯ್ತು, ನಮ್ಮ ಮನೇಲಿ ಸಾರು ಸೀಯೋದೇ ಇಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನಾನು ಕೇಳಿ ಏನು ಮಾಡಲಿ? ನಾನೇನು ಗುರುಗಳಾ? ನೀನು ಫ್ರಾನ್ಸ್ ಅಂದೆ, ನಾನು ಹೂಂ ಅಂದೆ."

ಸೊಲಾಂಜ್ ಕಣ್ಣೊರೆಸಿಕೊಂಡಳು. "ರಸ ಕೊಡೋನು ದೇವರೇ ಅಲ್ವಾ ಓವಿಲಾ. ಅವನು ಕೊಟ್ಟಿದ್ದನ್ನ ಮರದಲ್ಲೇ ಬಿಟ್ಟು, ಅವನನ್ನ ಹುಡುಕ್ತೀನಿ ಅಂತ ಹೋದ್ರೆ ಅವನು ನಗಲ್ವಾ? ಅದು ಆಗಲ್ಲ."

"ಹಾಗಾದ್ರೆ ಕುರ್ಚಿ ಎತ್ತಿಸೋಣ. ನಮ್ಮ ಆಲೆಮನೆ ಪಕ್ಕದ ಊಟದ ಮನೇಲಿ ಪ್ರತಿವರ್ಷ ಎತ್ತಿ ಜೋಡಿಸಿ ಇಡೋನು ನಾನೇ. ಅಲ್ಲೂ ಎತ್ತಿ, ನೀನು ನಡೆದ ಮೇಲೆ ಇದ್ದ ಹಾಗೇ ಇಟ್ಟುಕೊಡ್ತೀನಿ ಅಂತ ಆ ಯಮ್ಮಂಗೆ ಹೇಳು. ಕೂಲಿ ಬೇಡ."

ಅವಳು ನಾಚಿಕೆಪಡುತ್ತಲೇ ಮತ್ತೆ ಫೋನು ಮಾಡಿದಳು. ಮದಾಮ್ ಬೆಲಾಂಜೆ ಪೂರ್ತಿ ಕೇಳಿಸಿಕೊಂಡರು.

"ಅದು ನನ್ನ ಮನೆ ಜಗಲಿ ಅಲ್ಲ ಮದಾಮ್, ಎತ್ತಿ ಅನ್ನೋಕೆ," ಎಂದರು. ಆಮೇಲೆ ದನಿ ಬದಲಾಯಿತು. "ಅಷ್ಟು ಯಾಕೆ ಬೇಕು ನಿಮಗೆ?"

ಆ ಬೆಳಗಿನವರೆಗೆ ಯಾರೆದುರೂ ಆಡದ ಮಾತನ್ನು, ಮುಖ ಕಾಣದ ಪರದೇಶದ ಹೆಂಗಸಿಗೆ ಸೊಲಾಂಜ್ ಹೇಳಿದಳು. "ಪ್ರಾರ್ಥನೆ ನಿಂತುಹೋಗಿದೆ. ಬಾಯಿ ಆಡುತ್ತೆ, ಒಳಗೆ ಯಾರೂ ಇಲ್ಲ."

ದೂರದ ಆ ಓಣಿಯಲ್ಲಿ ಯಾವುದೋ ಬಂಡಿ ಹಾದುಹೋದ ಸದ್ದು ಫೋನಿನಲ್ಲಿ ಕೇಳಿತು.

"ನಮ್ಮವರು ತೀರಿಹೋದ ಮೇಲೆ ನಾನು ಭಾನುವಾರ ಒಂದೇ ಜಾಗದಲ್ಲಿ ಕೂರ್ತೀನಿ," ಎಂದರು ಮದಾಮ್ ಬೆಲಾಂಜೆ ನಿಧಾನವಾಗಿ. "ಕಂಬದ ಪಕ್ಕದ ಕುರ್ಚಿ. ಅದರ ಕೆಳಗೆ ಆ ದಾರಿದು ಒಂದು ತಿರುವು ಇದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ನಾನು ನೋಡೋಕೆ ಹೋಗಿಲ್ಲ. ನಡೆಯೋರು ಬಂದು ನಡ್ಕೊಂಡು ಹೋಗ್ತಾರೆ. ನಾನು ನನ್ನ ತಿರುವಿನ ಮೇಲೆ ಕೂತಿರ್ತೀನಿ."

"ಕೂತ್ರೆ ಏನಾಗುತ್ತೆ?"

"ಪಾದಕ್ಕೆ ಚಳಿ ಆಗುತ್ತೆ. ಆಮೇಲೆ ಒಂದೊಂದು ಸಲ, ಚಳಿ ಆಗ್ತಿದೆ ಅನ್ನೋದೇ ಮರೆತುಹೋಗುತ್ತೆ. ಎಲ್ಲಾ ಸಲ ಅಲ್ಲ."

ಸೊಲಾಂಜಳ ಕಣ್ಣೆದುರು ಆ ದೇವಾಲಯ ಎದ್ದು ನಿಂತಿತು: ಕಣ್ಣಿಗೆಟುಕದ ಎತ್ತರದ ಕಲ್ಲಿನ ಚಾವಣಿ, ನೀಲಿಗಾಜಿನಿಂದ ಇಳಿದು ಬರುವ ಚಳಿಗಾಲದ ಬಡಬೆಳಕು, ಅದರಡಿಯಲ್ಲಿ ಕೋಟು ತೊಟ್ಟು ಕೂತ ಜನ. ಕೆಮ್ಮುವವರು, ಕೈಗಡಿಯಾರ ನೋಡುವವರು, ಮಗುವನ್ನು ಗದರುವವರು. ಅವರಲ್ಲಿ ಒಬ್ಬೊಬ್ಬರ ಪಾದದ ಕೆಳಗೂ ಆ ಒಂದೇ ದಾರಿಯ ಒಂದೊಂದು ತುಂಡು. ಒಬ್ಬಳು ಆರಂಭದ ಮೇಲೆ ಕೂತಿದ್ದಾಳೆ, ಅವಳಿಗೆ ತಿಳಿಯದು. ಇನ್ನೊಬ್ಬ ನಡುವಿನ ಮೇಲೆಯೇ ಕೂತು ತೂಕಡಿಸುತ್ತಿದ್ದಾನೆ, ಅವನಿಗೂ ತಿಳಿಯದು. ಪೂರ್ತಿ ದಾರಿಯನ್ನು ಯಾರೂ ಕಾಣರು. ಆದರೆ ಯಾರೊಬ್ಬರೂ ಅದರ ಹೊರಗಿಲ್ಲ. ಕುರ್ಚಿಗಳು ದಾರಿಯನ್ನು ಮುಚ್ಚಿವೆಯೆಂದು ತಿಳಿದಿದ್ದವಳಿಗೆ, ಅವು ದಾರಿಯುದ್ದಕ್ಕೂ ಜನರನ್ನು ತುಂಬಿವೆಯೆಂದು ಈಗ ಕಂಡಿತು.

"ಮದಾಮ್," ಎಂದಳು ಕೊನೆಗೆ, "ಗುರುಗಳ ಪೂಜೆ ಇಲ್ಲದ ಹೊತ್ತಲ್ಲಿ ಅಲ್ಲಿ ಯಾವ ಕುರ್ಚೀಲಿ ಬೇಕಾದ್ರೂ ಕೂರಬಹುದಾ?"

"ಚಳಿಗಾಲದಲ್ಲಿ ಅಲ್ಲಿ ಕುರ್ಚಿಗಳಿಗೇ ಜನ ಬೇಕು. ಕೂತ್ಕೊಳ್ಳಿ. ನನ್ನದೊಂದು ಬಿಟ್ಟು."

ಅವಳ ಮನಸ್ಸಿನಲ್ಲಿ ಯೋಜನೆ ಒಮ್ಮೆಲೇ ರೂಪು ತಾಳಿತು. ದಾರಿಯ ಬಾಯಿಯ ಮೇಲಿರುವ ಕುರ್ಚಿಯಲ್ಲಿ ಮೊದಲ ದಿನ ಕೂರುವುದು. ಮರುದಿನ ಅದೇ ದಾರಿಯಲ್ಲಿ ಅದರ ಮುಂದಿನ ಕುರ್ಚಿ. ಮರುದಿನ ಅದರ ಮುಂದಿನದು. ದಿನಕ್ಕೊಂದೇ ಕುರ್ಚಿಯಂತೆ, ಕೂತಲ್ಲಿಯೇ ದಾರಿ ಸವೆಸುವುದು. ಬೇಸಗೆಯ ಯಾತ್ರಿಕರಿಗೆ ಇದು ಸಾಧ್ಯವಿಲ್ಲ. ಇದಕ್ಕೆ ದೀರ್ಘವಾದ, ಬೇರೆ ಕೆಲಸವಿಲ್ಲದ ಒಂದು ಚಳಿಗಾಲವೇ ಬೇಕು. ಅಂಥದ್ದು ಆಲೆಮನೆಯವರ ಬಳಿ ಇತ್ತು.

ಓವಿಲಾ ಇದನ್ನು ಕೇಳಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲ, ಕುರ್ಚಿ ಇದ್ರೆ ಕೆಳಗಿನ ಗೆರೆ ಕಾಣಲ್ಲ. ಮುಂದಿನ ಕುರ್ಚಿ ಯಾವುದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ತಪ್ಪಿ ಪಕ್ಕದ ಸುತ್ತಿಗೆ ಹೋದ್ರೆ ಮತ್ತೆ ಬಾಗಿಲಿಗೇ ಬಂದಿರ್ತೀಯ. ಇಲ್ಲೇ ಒಂದ್ಸಲ ಮಾಡಿ ನೋಡೋಣ ನಡಿ."

ಮನೆಯ ಹಿಂದಿನ ದಿಬ್ಬದ ಮೇಲೆ ಆಲೆಮನೆ, ಅದಕ್ಕೆ ತಾಗಿದಂತೆ ಉದ್ದನೆಯ ಊಟದ ಮನೆ. ವಸಂತದಲ್ಲಿ ಸುತ್ತಲಿನ ಊರುಗಳಿಂದ ಬಂದವರು ಅಲ್ಲಿ ಕುಳಿತು ಮೊಟ್ಟೆ, ಹಂದಿಮಾಂಸ, ದೋಸೆಗಳ ಮೇಲೆ ಪಾಕ ಸುರಿದು ಉಣ್ಣುತ್ತಾರೆ. ಈಗ ಮೇಜುಗಳು ಗೋಡೆಗೊರಗಿ, ಕುರ್ಚಿಗಳು ಒಂದರ ಮೇಲೊಂದು ಏರಿ ನಿಂತಿದ್ದವು. ಓವಿಲಾ ದೊಡ್ಡ ಒಲೆ ಹೊತ್ತಿಸಿದ. ನೆಲದ ನಡುವೆ ಒಂದು ಮೊಳೆ ಹೊಡೆದು, ರಸ ಹರಿಸುವ ನೀಲಿ ಕೊಳವೆಯ ತುಂಡೊಂದನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ವೃತ್ತದ ಮೇಲೆ ವೃತ್ತ ಎಳೆದ. ಸೊಲಾಂಜ್ ಮಂಡಿಯೂರಿ, ಬಾಯಿಪಾಠವಾಗಿದ್ದ ತಿರುವುಗಳಂತೆ ಗೆರೆಗಳನ್ನು ಒಂದೊಂದಾಗಿ ಒರೆಸಿ, ಸೇರಿಸಿ, ದಾರಿ ಮಾಡಿದಳು. ಆಮೇಲೆ ಇಬ್ಬರೂ ಕೂಡಿ ಕುರ್ಚಿಗಳನ್ನು ಸಾಲುಸಾಲಾಗಿ ಅದರ ಮೇಲಿಟ್ಟರು. ಬರೆದದ್ದೆಲ್ಲ ಕಾಲುಗಳ ಕಾಡಿನಲ್ಲಿ ಮರೆಯಾಯಿತು.

"ಗಾಯೆತಾನ್ ಈಗ ಬಂದ್ರೆ ನಮ್ಮಿಬ್ಬರನ್ನೂ ಕಟ್ಟಿ ಆಸ್ಪತ್ರೆಗೆ ಹಾಕ್ತಾಳೆ," ಎಂದ ಓವಿಲಾ, ಸೊಂಟ ನೀವಿಕೊಳ್ಳುತ್ತ. "ಇದು ಪ್ರಾರ್ಥನೆಯಾ, ಮಕ್ಕಳ ಕುರ್ಚಿ ಆಟಾನಾ?"

"ಬಾಯಿ ಮುಚ್ಚಿಕೊಂಡು ಒಲೆ ನೋಡ್ಕೋ."

ಅವಳು ದಾರಿಯ ಬಾಯಲ್ಲಿದ್ದ ಕುರ್ಚಿಯಲ್ಲಿ ಕೂತಳು. ಗೆರೆ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದಳು, ಸರಿಯಾಗಿತ್ತು. ಏನೂ ಆಗಲಿಲ್ಲ. ಸುಮ್ಮನೆ ಕೂರಲಾರದೆ, ರೂಢಿಯ ಬಲದಿಂದ, ಗಾಯೆತಾನಳ ಮೊಣಕಾಲನ್ನು ನೆನೆದಳು. ಈ ಕುರ್ಚಿ ಇವಳದ್ದಾಗಲಿ ಎಂದುಕೊಂಡಳು. ಮೇಜು ಹಿಡಿದು ಏಳುವಾಗ ಅವಳ ಮುಖದಲ್ಲಿ ಸುಳಿದ ನೋವು, ಅದನ್ನು ನಗೆಯಿಂದ ಮುಚ್ಚಿದ ಬಗೆ, ಈಗ ಮೊದಲ ಸಲ ಸೊಲಾಂಜಳಿಗೆ ಕಂಡಿತು. ಎದ್ದು, ದಾರಿ ಹೋಗುವತ್ತ ಮುಂದಿನ ಕುರ್ಚಿಗೆ ಸರಿದಳು. ಇದು ಅಂಚೆಯವನ ತಾಯಿಯದು. ಮಗನ ಹೆಸರು ಮರೆತು ಅವನನ್ನು 'ಸ್ವಾಮಿ' ಎನ್ನುತ್ತಾಳಂತೆ. ಆ ಶಬ್ದ ಕೇಳಿ ಅವನು ಬಾಗಿಲಾಚೆ ಹೋಗಿ ನಿಂತು ಬರುತ್ತಾನಂತೆ. ಮುಂದಿನದು ಗಿರಣಿಯಲ್ಲಿ ಬೆರಳು ಕಳೆದುಕೊಂಡ ಹುಡುಗಿಯದು. ಅದರ ಮುಂದಿನದು, ಎಲ್ಲರೊಡನೆಯೂ ಮಾತು ಬಿಟ್ಟಿದ್ದ ಇಗರ್ಜಿಯ ಗಂಟೆಯವನದು. ಇಷ್ಟು ವರ್ಷ ಒಂದೇ ಉಸಿರಿನಲ್ಲಿ ಓಡಿಸಿದ ಹೆಸರುಗಳು ಈಗ ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರಾಗಿ ಅವಳಿಗಾಗಿ ಕಾದು ಕೂತಿದ್ದವು. ಅವಳು ಒಬ್ಬೊಬ್ಬರ ಜಾಗದಲ್ಲಿ ಕೂತೆದ್ದಳು.

ಎಲ್ಲಿಯೋ ಒಂದೆಡೆ ಹೆಸರುಗಳು ಮುಗಿದವು. ಅವಳು ಮತ್ತೊಂದು ಕುರ್ಚಿಗೆ ಸರಿದು ಕೂತಳು. ಇದು ಯಾರದೆಂದು ಕೇಳಿಕೊಂಡಳು, ಉತ್ತರ ಬರಲಿಲ್ಲ. ಕಾಲಡಿಯ ಗೆರೆ ನಡುವಿಗೆ ಹತ್ತಿರವೋ ದೂರವೋ ಎಂಬ ಲೆಕ್ಕ ತಪ್ಪಿಹೋಗಿತ್ತು, ಅದನ್ನು ಬಗ್ಗಿ ನೋಡಬೇಕೆಂದೂ ಅನಿಸಲಿಲ್ಲ. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು, ಪ್ರತಿಫಲಿಸಿ, ತಲೆಯ ಮೇಲಿನ ತೊಲೆಗಳನ್ನು ಕೆಳಗಿನಿಂದ ಬೆಳಗಿತ್ತು. ಮರಗಳು ಅಲುಗದೆ ನಿಂತಿದ್ದವು. ಖಾಲಿ ಕುರ್ಚಿಗಳೆಲ್ಲ ಒಂದೇ ಕಡೆಗೆ ಮುಖಮಾಡಿ ಕೂತಿದ್ದವು. ಆಗ ಅವಳಿಗೆ ಆ ಊಟದ ಮನೆಯ ಮೌನ ಖಾಲಿಯಲ್ಲವೆಂದು ತಿಳಿಯಿತು. ಅದು ಆಲಿಸುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ, ಇಷ್ಟು ವರ್ಷ ಅವಳು ನೆಲಕ್ಕೆ ಬೀಳಿಸಿದ ಶಬ್ದಗಳನ್ನೂ ಒಂದೂ ಬಿಡದೆ ಹೆಕ್ಕಿಟ್ಟುಕೊಂಡು, ಆಲಿಸುತ್ತಲೇ ಇತ್ತು. ಅವಳು ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಏನನ್ನೂ ಬೇಡದೆ, ತಲೆ ಬಾಗಿದಳು. ಎಷ್ಟು ಹೊತ್ತೋ ಅವಳಿಗೆ ಗೊತ್ತಿಲ್ಲ.

ಒಲೆಯ ಪಕ್ಕದಲ್ಲಿದ್ದ ಓವಿಲಾ ಅವಳನ್ನು ನೋಡಿದ. ಹಾಕಬೇಕೆಂದು ಎತ್ತಿದ್ದ ಸೌದೆಯನ್ನು ಸದ್ದಾಗದಂತೆ ಕೆಳಗಿಟ್ಟ. ಕೊನೆಗೆ ಅವಳು ತಲೆಯೆತ್ತಿದಾಗ ಒಲೆ ಆರುತ್ತ ಬಂದಿತ್ತು.

"ಬಂತಾ?" ಎಂದು ಮೆಲ್ಲಗೆ ಕೇಳಿದ.

ಅವಳು ತಲೆಯಾಡಿಸಿದಳು. "ಹೋಗೇ ಇರಲಿಲ್ಲ ಅನ್ಸುತ್ತೆ, ಓವಿಲಾ."

ಅವನು ಕುರ್ಚಿಸಾಲಿನ ಅಂಚಿಗೆ ಬಂದು ನಿಂತ. "ಹಾಗಾದ್ರೆ ಇನ್ನು ಫ್ರಾನ್ಸ್ ಯಾಕೆ? ಇಲ್ಲೇ ಆಯ್ತಲ್ಲ. ಇಡೀ ಚಳಿಗಾಲ ಇಲ್ಲೇ ಕೂರು, ನಾನು ಒಲೆ ಹಾಕ್ತೀನಿ."

ಸೊಲಾಂಜ್ ತನ್ನ ಕಾಲ ಬಳಿಯ ಬಿಳಿಯ ಗೆರೆಯನ್ನು ನೋಡಿದಳು.

"ಇದು ನಾನು ಬರೆದಿದ್ದು. ಅನುಮಾನ ಬಂದ್ರೆ ಬಗ್ಗಿ ನೋಡಬಹುದು, ಕುರ್ಚಿ ಎತ್ತಿ ನೋಡಬಹುದು. ಒಂದು ಸಲ ನೋಡಿದೆ ಕೂಡ. ಅಲ್ಲಿ ದಾರಿ ಹಾಕಿದೋರು ಯಾರೋ, ಕುರ್ಚಿ ಎತ್ತೋ ಹಾಗಿಲ್ಲ. ಅಲ್ಲಿ ಕೆಳಗೆ ದಾರಿ ಇದೆ ಅಂತ ನಂಬಿ ಕೂರಬೇಕು. ಇಷ್ಟು ವರ್ಷ ನನ್ನ ಕೈಲಿ ಆಗದೆ ಇದ್ದಿದ್ದು ಅದೇ. ಅದನ್ನ ಕಲಿಯೋಕೆ ಹೋಗ್ಬೇಕು."

ಓವಿಲಾ ಬಗ್ಗಿ ಕುರ್ಚಿಗಳ ಕೆಳಗೆ ನೋಡಿದ.

"ತಪ್ಪಿ ಪಕ್ಕದ ಸುತ್ತಿಗೆ ಹೋದ್ರೆ?"

"ಹೋದ್ರೆ ಅದೂ ಅದೇ ದಾರಿ. ಬೇರೆ ದಾರಿನೇ ಇಲ್ವಲ್ಲ ಅಲ್ಲಿ."

"ಸರಿ. ಸಾಯಂಕಾಲ ಟಿಕೆಟ್ ತಗೊಳ್ಳೋಣ." ಅವನು ಕುರ್ಚಿಗಳ ಸಾಲನ್ನೊಮ್ಮೆ ನೋಡಿ, ಕೆಮ್ಮಿದ. "ನೀನು ಅಲ್ಲಿ ದಿನಾ ಕೂತಿರ್ತೀಯ. ಅಷ್ಟು ಹೊತ್ತು ನಾನೆಲ್ಲಿ ಇರಲಿ?"

ಸೊಲಾಂಜ್ ಎದ್ದು, ಮುಂದಿನ ಕುರ್ಚಿಗೆ ಸರಿದು ಕೂತಳು. ತಾನು ಬಿಟ್ಟ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ಇಲ್ಲಿ," ಎಂದಳು.

ಓವಿಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕುರ್ಚಿಗಳ ನಡುವೆ ಅಡ್ಡಡ್ಡವಾಗಿ ತೂರಿಬಂದು, ಅಲ್ಲಿ ಕೂತ.